ಮೊಥೋ ಎಂದು ಬರೆಯಿರಿ

1966 ಸೆಪ್ಟೆಂಬರ್ 4, ಭಾನುವಾರ

ಚರ್ಚಿನಿಂದ ಬರುವಾಗ ಮೈದುನ ದಿಖಾಂಗ್ ದಾರಿಯಲ್ಲೇ ನಿಲ್ಲಿಸಿದ. ನಮ್ಮ ಮಾತಿನಲ್ಲಿ ಅವನ ಹೆಸರಿಗೆ ವ್ಯಾಜ್ಯ ಎಂದೇ ಅರ್ಥ. ಅತ್ತೆ ಏನು ನೆನೆದು ಇಟ್ಟರೋ, ಹೆಸರು ಸುಳ್ಳಾಗಲಿಲ್ಲ.

"ಅತ್ತಿಗೆ, ಈ ಸಲ ಮಳೆ ಬಿದ್ದ ಮೇಲೆ ಹಳ್ಳದ ಹೊಲ ನಾನೇ ಉಳ್ತೀನಿ. ಮಗನ ಮದುವೆ ಗೊತ್ತಾಯ್ತಲ್ಲ, ಅವನಿಗೆ ಕೊಡ್ಬೇಕು" ಎಂದ.

"ನಾನು ಏನು ಉಳ್ಲಿ?"

"ನಿಂಗೆ ಉಣ್ಣೋದಕ್ಕೆ ಏನ್ ಕಮ್ಮಿ ಮಾಡ್ತೀವಾ? ಜೋಳ ಕಳಿಸ್ತೀನಿ. ಕೂತು ಊಟ ಮಾಡು, ದೇವರ ಹಾಡು ಹಾಡ್ಕೊಂಡಿರು."

ಆ ಹೊಲ ಮುಳ್ಳುಕಾಡಾಗಿತ್ತು. ನನ್ನ ಗಂಡ ಮೊತ್ಸುಮಿ ಮರ ಕಡಿದರೆ ನಾನು ಬೇರು ಕಿತ್ತು ಸುಟ್ಟೆ. ಸೆತುನ್ಯಾ ಆಗ ನನ್ನ ಬೆನ್ನಿನ ಮೇಲಿದ್ದಳು. ನಮಗೆ ಅವಳೊಬ್ಬಳೇ ಮಗಳು, ಗಂಡುಮಕ್ಕಳಿಲ್ಲ. ಗಂಡ ತೀರಿಹೋಗಿ ಒಂದೂವರೆ ವರ್ಷವಾಯಿತು. ನಾನು ಸೂತಕದ ಕಪ್ಪು ಬಟ್ಟೆ ಕಳಚಿದ್ದು ಈ ಜುಲೈಯ ಚಳಿಯಲ್ಲಿ. ಕಪ್ಪು ಕಳಚಲೆಂದೇ ದಿಖಾಂಗ್ ಕಾಯುತ್ತಿದ್ದ ಎಂದು ಈಗ ಅನಿಸುತ್ತಿದೆ. ಹಾಗೆ ಯೋಚಿಸುವುದು ಪಾಪವೋ ಏನೋ.

ದೂರು ಹೇಳಬೇಕಾದರೆ ಖೋಟ್ಲಾಕ್ಕೆ ಹೋಗಬೇಕು. ಮರದ ಗೂಟಗಳ ಅರ್ಧಬೇಲಿಯ ಒಳಗೆ ಊರಿನ ಒಡೆಯರು ಕೂತು ನ್ಯಾಯ ಕೇಳುತ್ತಾರೆ. ಅಲ್ಲಿ ಹೆಂಗಸು ನೆಲದ ಮೇಲೆ ಕೂರಬಹುದು, ಎದ್ದು ಮಾತಾಡುವಂತಿಲ್ಲ. ಅವಳ ಪರವಾಗಿ ಮನೆಯ ಗಂಡಸು ಮಾತಾಡಬೇಕು. ನನ್ನ ಮನೆಯ ಗಂಡಸು ಈಗ ದಿಖಾಂಗ್. ನನ್ನ ತಮ್ಮ ಜೋಹಾನ್ಸ್‌ಬರ್ಗಿನ ಗಣಿಯ ಒಳಗಿದ್ದಾನೆ. ಉಳಿದವರು ಸೋದರಮಾವ ರ್ರಾಕಾಬೊ ಒಬ್ಬರೇ. ಅವರಿಗೆ ಕಿವಿ ಕೇಳುವುದಿಲ್ಲ.

ದೇವರೇ, ನನಗೊಂದು ಬಾಯಿ ಕಳುಹಿಸು. ನೀನು ಕಳುಹಿಸಿದವರು ಯಾರಾದರೂ ಸರಿ, ನಾನು ಸುಮ್ಮನೆ ಹಿಂದೆ ಕೂರುತ್ತೇನೆ.

ಸೆಪ್ಟೆಂಬರ್ 10, ಶನಿವಾರ

ದೇವರು ಮಾವನನ್ನೇ ಕಳುಹಿಸಿದ.

ಮೂರು ದಿನ ಅವರ ಕಿವಿಯ ಹತ್ತಿರ ಕೂಗಿ ಕೂಗಿ ಹೇಳಿಕೊಟ್ಟಿದ್ದೆ. ತಲೆ ಆಡಿಸಿದ್ದರು. ಇವತ್ತು ಗಂಡಸರೆಲ್ಲ ತಮ್ಮ ತಮ್ಮ ಗಿಡ್ಡ ಕುರ್ಚಿ ಹೊತ್ತು ತಂದು ಕೂತರು. ನಾವು ಹೆಂಗಸರು ಕಾಲು ನೀಡಿ ಮಣ್ಣಿನಲ್ಲಿ. ಒಡೆಯರು ಕೇಳಿದರು, "ಮ್ಮಾಸೆತುನ್ಯಾಳ ಕಡೆಯಿಂದ ಯಾರು ಮಾತಾಡ್ತೀರಿ?" ಸೆತುನ್ಯಾಳ ಅವ್ವ ಎಂದು ಊರೆಲ್ಲ ನನ್ನನ್ನು ಕರೆಯುವುದು ಹಾಗೆ.

ಮಾವ ಕೋಟು ಎಳೆದುಕೊಂಡು ಎದ್ದರು. "ದಿಖಾಂಗ್ ಒಳ್ಳೆ ಹುಡುಗ ಒಡೆಯರೇ. ಹೋದ ವರ್ಷ ನನ್ನ ಆಡು ಕಳೆದೋದಾಗ ಅವನೇ ಹುಡುಕಿಕೊಟ್ಟ."

ಖೋಟ್ಲಾ ಎಲ್ಲ ನಕ್ಕಿತು. ನಾನು ಹಿಂದಿನಿಂದ ಕೋಟಿನ ತುದಿ ಎಳೆದೆ. "ಆಡು ಸಿಕ್ತು ಅಂತಾನೇ ಹೇಳ್ದೆ ಕಣವ್ವ" ಎಂದು ನನ್ನ ಕಡೆ ತಿರುಗಿ ಗಟ್ಟಿಯಾಗಿ ಸಮಾಧಾನ ಮಾಡಿದರು.

"ನಿಮ್ಮ ಕಡೆಯ ಮಾತು ಮುಗೀತಾ?" ಎಂದರು ಒಡೆಯರು.

"ಮುಗೀತು ಒಡೆಯರೇ. ಆಡು ಆರೋಗ್ಯವಾಗಿದೆ."

ದಿಖಾಂಗ್ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡು ನಕ್ಕ. ಮುಂದಿನ ಮಾತು 24ಕ್ಕೆ. ಅಷ್ಟರಲ್ಲಿ ಸರ್ಕಾರದವರು ಬಂದು ಹೊಸ ದೇಶದ ಕಾನೂನು ಓದಿ ಹೇಳುತ್ತಾರಂತೆ.

ನನ್ನ ಬಾಯಲ್ಲಿ ಮಾತು ಇತ್ತು. ತುಂಬ ಇತ್ತು. ನುಂಗಿಕೊಂಡು ಬಂದೆ.

ಸೆಪ್ಟೆಂಬರ್ 14, ಬುಧವಾರ

ಜೀಪಿನಲ್ಲಿ ಬಿಳಿಯ ಅಧಿಕಾರಿ ಬಂದ. ಅವನು ಇಂಗ್ಲಿಷಿನಲ್ಲಿ ಓದಿದ, ಶಾಲೆಯ ತೇಬೆ ಮೇಷ್ಟ್ರು ನಮ್ಮ ಮಾತಿಗೆ ತಿರುಗಿಸಿದರು. ಖೋಟ್ಲಾದ ಲೆಕ್ಕಪತ್ರ ಬರೆಯುವವರೂ ಅವರೇ, ವ್ಯಾಜ್ಯದಲ್ಲಿ ಯಾರು ಏನು ಹೇಳಿದರೆಂದು ಬರೆದಿಡುವವರೂ ಅವರೇ. 30ನೇ ತಾರೀಖು ಇಂಗ್ಲಿಷರ ರಾಣಿಯ ಬಾವುಟ ಇಳಿಯುತ್ತದೆ, ನಮ್ಮದು ಏರುತ್ತದೆ, ಅವತ್ತಿನಿಂದ ಈ ಸಂವಿಧಾನವೇ ನಮ್ಮೆಲ್ಲರ ಮೇಲೆ, ಒಡೆಯರ ಮೇಲೂ.

ಸಂವಿಧಾನ ಎನ್ನುವುದಕ್ಕೆ ಮೇಷ್ಟ್ರಿಗೆ ಮಾತು ಸಿಗಲಿಲ್ಲ. ತಡವರಿಸಿ "ತಳಪಾಯದ ಕಾನೂನು" ಎಂದರು. ನಮ್ಮ ಸಾಲಿನಲ್ಲಿ ಪಿಸುಗುಟ್ಟು ಶುರುವಾಯಿತು. ಪಕ್ಕದ ಮನೆಯ ಮುದುಕಿ ನನ್ನ ಪಕ್ಕೆ ತಿವಿದು, "ತಳಪಾಯ ಅಂತೆ. ಇವರಲ್ಲಿ ಒಬ್ಬನಾದ್ರೂ ಒಂದು ದಿನ ಮಣ್ಣು ಮೆಟ್ಟಿದಾನಾ ಕೇಳು" ಎಂದಳು. ನಿಜ. ಈ ಊರಿನ ಒಂದೊಂದು ಗೋಡೆಯನ್ನೂ ಎತ್ತಿದವರು ಹೆಂಗಸರು. ಗಂಡಸರು ಕೊನೆಗೆ ಬಂದು ಹುಲ್ಲು ಹೊದಿಸಿ, ಮನೆ ಕಟ್ಟಿದೆ ಅನ್ನುತ್ತಾರೆ.

ಆಮೇಲೆ ಮೇಷ್ಟ್ರು ಓದುತ್ತ ಹೋದರು. ಪ್ರತಿಯೊಬ್ಬ ಮೊಥೋಗೂ ರಕ್ಷಣೆ ಉಂಟು. ಯಾವ ಮೊಥೋನ ಆಸ್ತಿಯನ್ನೂ ಸುಮ್ಮನೆ ಕಿತ್ತುಕೊಳ್ಳುವಂತಿಲ್ಲ. ಮೊಥೋ ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಬಹುದು.

ಮೊಥೋ ಎಂದರೆ ಮನುಷ್ಯಜೀವ. ಮಾವನೂ ಮೊಥೋ, ಮಾವನ ಹೆಂಡತಿಯೂ ಮೊಥೋ. ನಮ್ಮ ಮಾತಿನಲ್ಲಿ ಅವನು ಬೇರೆ ಅವಳು ಬೇರೆ ಇಲ್ಲ, ಇಬ್ಬರಿಗೂ ಒಂದೇ ಸೊಲ್ಲು. ಹುಟ್ಟಿದಾಗಿನಿಂದ ಆಡಿದ ಮಾತು. ಇವತ್ತು ಮಾತ್ರ ಯಾರೋ ನನ್ನ ಹೆಸರು ಹಿಡಿದು ಕೂಗಿದ ಹಾಗಾಯಿತು.

ಕೊನೆಗೆ ಎಲ್ಲರೂ "ಪುಲಾ" ಎಂದು ಕೂಗಿದರು, ಮಳೆ ಬರಲಿ ಎಂದು. ನಾನೂ ಕೂಗಿದೆ. ಕೂಗುವುದಕ್ಕೆ ನಮಗೆ ಅಡ್ಡಿಯಿಲ್ಲ.

ಸೆಪ್ಟೆಂಬರ್ 16

ಶಾಲೆಗೆ ಹೋಗಿ ತೇಬೆ ಮೇಷ್ಟ್ರನ್ನು ಕೇಳಿದೆ. "ಮಗಾ, ಆ ಮೊಥೋ ಅನ್ನೋದರಲ್ಲಿ ನಾನಿದ್ದೀನಾ?"

ಮೇಷ್ಟ್ರು ಒಳ್ಳೆಯ ಹುಡುಗ, ಸುಳ್ಳು ಹೇಳುವುದಿಲ್ಲ. "ಇಂಗ್ಲಿಷಲ್ಲಿ 'ಅವನ' ಅಂತ ಬರೆದಿದ್ದಾರೆ ಮ್ಮಾ. ಅವನ ಆಸ್ತಿ, ಅವನ ಮನೆ. ಮೊದಲಲ್ಲಿ ಒಂದ್ ಕಡೆ ಗಂಡಾಗಲಿ ಹೆಣ್ಣಾಗಲಿ ಅಂತ ಇದೆ. ಆದ್ರೆ ಮುಂದೆ, ಏನೇನು ನೋಡಿ ಭೇದ ಮಾಡ್ಬಾರ್ದು ಅಂತ ಒಂದೊಂದಾಗಿ ಹೇಳೋ ಕಡೆ, ಬಣ್ಣ ಇದೆ, ಕುಲ ಇದೆ, ನಂಬಿಕೆ ಇದೆ. ಹೆಣ್ಣು ಅನ್ನೋ ಮಾತಿಲ್ಲ. ಸಂಪ್ರದಾಯದ ವ್ಯಾಜ್ಯ ಸಂಪ್ರದಾಯಕ್ಕೇ ಬಿಟ್ಟಿದ್ದಾರೆ."

"ಯಾಕಿಲ್ಲ?"

"ಮರ್ತಿರ್ಬೇಕು."

"ಬರೆಯೋವಾಗ ಆ ಮನೇಲಿ ಹೆಂಗಸರು ಇದ್ರಾ?"

ಮೇಷ್ಟ್ರು ಕೈಯಲ್ಲಿದ್ದ ಸೀಮೆಸುಣ್ಣ ನೋಡಿಕೊಂಡರು. "ಚಾ ತಂದುಕೊಡೋದಕ್ಕೆ ಇದ್ದಿರಬಹುದು ಮ್ಮಾ."

ಮರೆತಿದ್ದರೆ ಯಾರಾದರೂ ನೆನಪು ಮಾಡಬೇಕಲ್ಲ. ಹಾಗಂತ ಹೇಳಿ ಬಂದೆ. ಹೇಳಿದವಳು ನಾನೇನಾ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಸೆಪ್ಟೆಂಬರ್ 18, ಭಾನುವಾರ

ಪೂಜೆ ಮುಗಿದ ಮೇಲೆ ಪಾದ್ರಿಗಳು ಬಾಗಿಲಲ್ಲಿ ನಿಲ್ಲಿಸಿ, "ಕೆಜಿಯಾ, ನೀನು ಕಾನೂನು ಕೇಳ್ಕೊಂಡು ತಿರುಗ್ತಿದ್ದೀಯಂತೆ. ತಾಳ್ಮೆಯೇ ವಿಧವೆಗೆ ಒಡವೆ" ಎಂದರು.

ಕೆಜಿಯಾ ನನ್ನ ದೀಕ್ಷಾಸ್ನಾನದ ಹೆಸರು. ಅವರನ್ನು ಬಿಟ್ಟರೆ ನನ್ನನ್ನು ಹಾಗೆ ಕರೆಯುವವರು ಉಳಿದಿಲ್ಲ.

"ಬೈಬಲಿನಲ್ಲಿ ಅಪ್ಪನ ಪಾಲು ಕೇಳೋಕೆ ಐದು ಜನ ಅಕ್ಕತಂಗೀರು ದೇವರ ಗುಡಾರದ ಬಾಗಿಲಲ್ಲಿ ಬಂದು ನಿಂತರಲ್ಲ ಪಾದ್ರಿಗಳೇ, ಅವರು ಯಾರ ಕೈಲಿ ಮಾತಾಡಿಸಿದ್ರು?" ಎಂದು ಕೇಳಿದೆ.

"ಅವರಿಗೆ ಸೋದರಮಾವ ಇರ್ಲಿಲ್ಲ ಅಂತ ಕಾಣುತ್ತೆ" ಎಂದರು. ಅವರ ಮೀಸೆಯ ಕೆಳಗೆ ನಗು ಇತ್ತು. ತಾಳ್ಮೆಯ ಮಾತು ಮತ್ತೆ ಎತ್ತಲಿಲ್ಲ.

ಸೆಪ್ಟೆಂಬರ್ 20

ದಿಖಾಂಗ್ ಬಂದು ಅಂಗಳದಲ್ಲಿ ನಿಂತ. ಹುಳಿಹಾಲು ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡು, "ಅಣ್ಣನ ಕುರ್ಚಿ ತಗೊಂಡೋಗೋಣ ಅಂತ ಬಂದೆ. ಸುಮ್ನೆ ಗೂಟಕ್ಕೆ ನೇತಾಡ್ತಿದೆ" ಎಂದ.

ಗಂಡ ತನ್ನ ಕೈಯಿಂದ ಮಾಡಿದ ಖೋಟ್ಲಾದ ಕುರ್ಚಿ ಅದು. ಮರದ ಚೌಕಟ್ಟು, ಎತ್ತಿನ ಚರ್ಮದ ಪಟ್ಟಿಗಳ ನೇಯ್ಗೆ. ಶನಿವಾರ ಶನಿವಾರ ನಾನೇ ಕೊಬ್ಬು ಹಚ್ಚಿ ಒರೆಸುತ್ತೇನೆ. ಒಂದು ಸಲವೂ ಅದರ ಮೇಲೆ ಕೂತವಳಲ್ಲ.

"ನಿನ್ನ ಹತ್ರ ಕುರ್ಚಿ ಇದೆಯಲ್ಲ."

"ಮಗನಿಗೆ ಬೇಕು. ನೀನೇನ್ ಅದರ ಮೇಲೆ ಕೂತು ನ್ಯಾಯ ಹೇಳ್ತೀಯಾ?" ನಕ್ಕ.

ಒಳಗಿದ್ದ ಸೆತುನ್ಯಾ ಹೊರಗೆ ಬಂದು, "ಚಿಕ್ಕಪ್ಪ, ಹೊಲ ಆಯ್ತು, ಕುರ್ಚಿ ಆಯ್ತು, ನಾಳೆ ಅಪ್ಪನ ಚಪ್ಪಲಿ ಕೇಳ್ತೀರಾ? ನಿಮ್ಮ ಕಾಲಿಗೆ ದೊಡ್ಡದಾಗುತ್ತೆ" ಎಂದಳು. ಅವಳ ನಾಲಿಗೆಗೆ ನಾನು ಯಾವಾಗಲೂ ಗದರುತ್ತೇನೆ. ಇವತ್ತು ಗದರಲು ಮರೆತೆ.

ಕುರ್ಚಿ ಕೊಡಲಿಲ್ಲ.

ಸೆಪ್ಟೆಂಬರ್ 24, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ತಲೆಗೆ ವಸ್ತ್ರ ಕಟ್ಟಿ, ಹೆಗಲಿಗೆ ಕಂಬಳಿ ಹೊದ್ದು, ಗೂಟದಿಂದ ಕುರ್ಚಿ ಇಳಿಸಿದೆ. ಅದು ಹಗುರ. ಗಂಡ ಹೊತ್ತುಕೊಂಡು ಹೋಗುವುದನ್ನು ನೋಡಿ ಭಾರ ಎಂದುಕೊಂಡಿದ್ದೆ. ಬೀದಿಯಲ್ಲಿ ಎದುರಾದವರು ಮಾವನಿಗೆ ಒಯ್ಯುತ್ತಿದ್ದೇನೆ ಎಂದುಕೊಂಡರು. ಖೋಟ್ಲಾದಲ್ಲಿ ಹೆಂಗಸರ ಸಾಲಿನ ಮುಂದೆ ಅದನ್ನಿಟ್ಟು ಕೂತೆ.

ಒಬ್ಬ ಮುದುಕ, "ಯಾರ ಸೊಂಟ ನೋವು?" ಎಂದ. ಇನ್ನೊಬ್ಬ, "ನಾಳೆ ಪ್ಯಾಂಟ್ ಹಾಕ್ಕೊಂಡು ಬರ್ತಾಳೆ, ನೋಡ್ತಿರು" ಎಂದ.

"ಮ್ಮಾಸೆತುನ್ಯಾ, ಇದೇನು ತಾಯಿ?" ಎಂದರು ಒಡೆಯರು.

"ಕುರ್ಚಿ, ಒಡೆಯರೇ."

"ಅದು ಕಾಣ್ತಿದೆ. ನಿನ್ನ ಪರವಾಗಿ ಯಾರು ಮಾತಾಡ್ತಾರೆ?"

ಮಾವನ ಕಡೆ ನೋಡಿದೆ. ಬಿಸಿಲಿಗೆ ಮುಖ ಒಡ್ಡಿ ಗೊರಕೆ ಹೊಡೆಯುತ್ತಿದ್ದರು. ಎದ್ದು ನಿಂತೆ.

"ಹೋದ ವಾರ ಇದೇ ಜಾಗದಲ್ಲಿ ಕಾನೂನು ಓದಿದ್ರು. ಮೊಥೋ ತನ್ನ ಮನಸ್ಸಿನದ್ದು ಹೇಳ್ಬಹುದು ಅಂದ್ರು. ಅದಕ್ಕೆ ಹೇಳ್ತಿದ್ದೀನಿ" ಎಂದೆ.

ದಿಖಾಂಗ್ ಎದ್ದ. "ಒಡೆಯರೇ, ಇಂಗ್ಲಿಷಿನಲ್ಲಿ 'ಅವನು' ಅಂತಿದೆಯಂತೆ. ಮೇಷ್ಟ್ರನ್ನೇ ಕೇಳಿ."

"ಇಂಗ್ಲಿಷಿನೋರು ಹೊರಟುಹೋಗ್ತಿದ್ದಾರೆ" ಎಂದೆ. "ಅವರ 'ಅವನು' ಅವರ ಜೊತೆಗೇ ಹೋಗ್ಲಿ. ನಮ್ಮ ಕಿವಿಗೆ ಬಿದ್ದದ್ದು ಮೊಥೋ. ಅದು ತಳಪಾಯದ ಕಾನೂನು ಅಂದ್ರು. ಈ ಊರಲ್ಲಿ ತಳಪಾಯ ಹಾಕಿದ ಗಂಡಸು ಯಾರಾದ್ರೂ ಇದ್ರೆ ಎದ್ದು ನಿಲ್ಲಲಿ, ನಾನು ಕೂರ್ತೀನಿ."

ಯಾರೂ ಏಳಲಿಲ್ಲ. ಹೆಂಗಸರ ಸಾಲಿನಲ್ಲಿ ಯಾರೋ ಕೆಮ್ಮಿದರು, ಅದು ಕೆಮ್ಮಾಗಿರಲಿಲ್ಲ.

ಆಮೇಲೆ ಹೊಲದ ವಿಷಯ ಹೇಳಿದೆ. ಬೇರು ಕಿತ್ತದ್ದು, ಸುಟ್ಟದ್ದು, ಬದು ಹಾಕಿದ್ದು, ಗಂಡ ಹಾಸಿಗೆ ಹಿಡಿದ ವರ್ಷ ಒಬ್ಬಳೇ ಜೋಳ ಕೊಯ್ದದ್ದು. ದಿಖಾಂಗ್ ಆ ಹೊಲಕ್ಕೆ ಬಂದದ್ದು ಕಲ್ಲಂಗಡಿ ತಿನ್ನುವುದಕ್ಕೆ ಮಾತ್ರ ಎಂದೂ ಹೇಳಿದೆ. ಅದಕ್ಕೆ ಗಂಡಸರೂ ನಕ್ಕರು.

ಒಡೆಯರು ತೀರ್ಪನ್ನು ಬಾವುಟ ಏರಿದ ಮೇಲೆ ಹೇಳುತ್ತೇವೆ ಎಂದರು. "ಕುರ್ಚಿ ಮಾತ್ರ ಇನ್ನೊಮ್ಮೆ ತರಬೇಡ" ಎಂದರು. ನಾನು ಹೂಂ ಎನ್ನಲಿಲ್ಲ.

ಸೆಪ್ಟೆಂಬರ್ 30, ಶುಕ್ರವಾರ

ಶಾಲೆಯ ಬಯಲಿನಲ್ಲಿ ಬಾವುಟ ಏರಿತು. ನೀಲಿ, ನಡುವೆ ಕಪ್ಪು, ಅಂಚಿಗೆ ಬಿಳಿ. ನೀಲಿ ಎಂದರೆ ನೀರಂತೆ. ಗಾಳಿ ಎಷ್ಟು ಧೂಳು ಎಬ್ಬಿಸಿತೆಂದರೆ ನೀರೂ ಕಾಣಲಿಲ್ಲ ಬಾವುಟವೂ ಕಾಣಲಿಲ್ಲ, ಪಟಪಟ ಸದ್ದು ಮಾತ್ರ ಕೇಳಿಸಿತು. ಗಂಡಸರು ದೊಡ್ಡ ಕಬ್ಬಿಣದ ಪಾತ್ರೆಗಳಲ್ಲಿ ಮಾಂಸ ಬೇಯಿಸಿ ಕುಟ್ಟಿ ಬಡಿಸಿದರು. ಬಡಿಸುವಾಗ ದಿಖಾಂಗ್ ನನ್ನ ಬೋಗುಣಿಗೆ ಎಲುಬು ಹಾಕಿದ. ಸೆತುನ್ಯಾ ಅದನ್ನೆತ್ತಿ ಅವನ ನಾಯಿಗೇ ಎಸೆದಳು. ನಾಯಿ ಇವತ್ತಿನಿಂದ ನಮ್ಮ ಕಡೆ.

ರಾಣಿ ಹೋದಳು. ನಾವು ಇದ್ದೇವೆ.

ಅಕ್ಟೋಬರ್ 8, ಶನಿವಾರ

ಹೊಲ ನನಗೆ ಸಿಕ್ಕಿತು, ನಾನೇ ಹಿಂದಕ್ಕೆ ಕೊಟ್ಟು ಬಂದೆ.

ಕುರ್ಚಿ ಒಯ್ದು ಕೂತಿದ್ದೆ. ಒಡೆಯರು ನೋಡಿಯೂ ನೋಡದ ಹಾಗಿದ್ದು, ತೀರ್ಪು ಓದಲು ಮೇಷ್ಟ್ರಿಗೆ ಹೇಳಿದರು. "ಹಳ್ಳದ ಹೊಲ ಮ್ಮಾಸೆತುನ್ಯಾಳ ಬಳಿಯೇ ಇರತಕ್ಕದ್ದು" ಎಂದು ಬಂದಾಗ ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಹೇಳಿದೆ. ಕಣ್ಣು ತೆರೆಯುವಷ್ಟರಲ್ಲಿ ಮೇಷ್ಟ್ರು ಮುಂದಿನ ಸಾಲು ಓದುತ್ತಿದ್ದರು. "ಅವಳ ಪರವಾಗಿ ಸೋದರಮಾವ ರ್ರಾಕಾಬೊ ವಿವರವಾಗಿ ಮಾತಾಡಿದರು. ಅವರ ಮಾತನ್ನು ಖೋಟ್ಲಾ ಒಪ್ಪಿದೆ."

ಮೇಷ್ಟ್ರು ತಲೆ ಎತ್ತಲಿಲ್ಲ.

ಎದ್ದು ನಿಂತೆ. "ಒಡೆಯರೇ, ಮಾವ ಮಾತಾಡ್ಲಿಲ್ಲ. ನಿದ್ದೆ ಮಾಡ್ತಿದ್ರು."

"ತಾಯಿ" ಎಂದರು ಒಡೆಯರು ಮೆಲ್ಲಗೆ, "ಹೊಲ ನಿಂದೇ. ಮನೆಗೆ ಹೋಗು."

"ಮಾವನನ್ನೇ ಕೇಳಿ."

ಯಾರೋ ಮಾವನ ಕಿವಿಯಲ್ಲಿ ಕೂಗಿ ಕೇಳಿದರು. ಅವರು ಗಾಬರಿಯಿಂದ, "ನಾನಾ? ನಾನು ಏನೂ ಅಂದಿಲ್ಲಪ್ಪ. ನನ್ನ ಮೇಲೆ ಯಾರು ದೂರು ಹೇಳಿದ್ದು?" ಎಂದರು.

ನಗು ಅಡಗುವ ತನಕ ಒಡೆಯರು ಕಾದರು. ಆಮೇಲೆ ಅವರ ದನಿ ಬದಲಾಯಿತು. "ಹೆಂಗಸಿನ ಮಾತಿನ ಮೇಲೆ ಈ ಖೋಟ್ಲಾ ಯಾವತ್ತೂ ತೀರ್ಪು ಕೊಟ್ಟಿಲ್ಲ. ರ್ರಾಕಾಬೊ ಮಾತಾಡಿಲ್ಲ ಅಂದ್ರೆ ಯಾರೂ ಮಾತಾಡಿಲ್ಲ. ಯಾರೂ ಮಾತಾಡಿಲ್ಲ ಅಂದ್ರೆ ಈ ತೀರ್ಪು ನಿಲ್ಲಲ್ಲ. ಯೋಚ್ನೆ ಮಾಡಿ ಹೇಳು."

ಹಳ್ಳದ ಹೊಲ ಕಣ್ಣ ಮುಂದೆ ಬಂತು. ಬದುವಿನ ಮೇಲೆ ನನ್ನ ಗಂಡ ಉಳಿಸಿದ ಒಂದು ಮರ ಇದೆ, ಅದೂ ಬಂತು.

"ಹಾಗಾದ್ರೆ ನಿಲ್ಲೋದು ಬೇಡ" ಎಂದೆ. "ಮತ್ತೆ ಕೇಳಿ. ಮತ್ತೆ ಹೇಳ್ತೀನಿ."

ಮುಂದಿನ ಮಾತು 22ಕ್ಕೆ ಎಂದು ಒಡೆಯರು ಮೇಷ್ಟ್ರಿಗೆ ಸನ್ನೆ ಮಾಡಿದರು. ಬರೆದದ್ದರ ಮೇಲೆ ಲೇಖನಿ ಗೀರು ಎಳೆಯುವ ಸದ್ದು ನನ್ನ ತನಕ ಕೇಳಿಸಿತು.

ಅಕ್ಟೋಬರ್ 9, ಭಾನುವಾರ

ಸೆತುನ್ಯಾ ಅತ್ತಳು. "ಅವ್ವ, ಕೈಗೆ ಬಂದಿತ್ತು. ಒಂದ್ ಸಾಲು ಯಾರ ಹೆಸರಲ್ಲಿದ್ರೆ ಏನಾಗ್ತಿತ್ತು? ನಾವೇನ್ ತಿನ್ನೋಣ, ಮೊಥೋ ಅನ್ನೋದನ್ನ ಬೇಯಿಸ್ಕೊಂಡು ತಿನ್ನೋಣ್ವಾ?"

ಚರ್ಚಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಹಾಡಿನ ಎರಡನೆಯ ಸಾಲಿಗೆ ಪಕ್ಕದ ಮನೆಯ ಮುದುಕಿ ಎದ್ದು ಬಂದು ಕೂತಳು. ಅವಳಿಗೆ ರಾಗ ಬರುವುದಿಲ್ಲ, ಆದರೂ ಗಟ್ಟಿಯಾಗಿ ಹಾಡಿದಳು.

ಅಕ್ಟೋಬರ್ 13

ದಿಖಾಂಗನ ಮಗ ಹಳ್ಳದ ಹೊಲದ ಬದಿಗೆ ನೇಗಿಲು ತಂದಿಟ್ಟಿದ್ದಾನೆ. ಮಳೆ ಬಿದ್ದ ದಿನವೇ ಹೂಡುತ್ತಾನಂತೆ. ನಾನು ಹೋಗಿ ನೇಗಿಲಿನ ಮೇಲೆ ನನ್ನ ಕಂಬಳಿ ಹೊದಿಸಿ ಬಂದೆ. ವಿಧವೆಯ ಕಂಬಳಿ ಮುಟ್ಟಿದರೆ ಕೆಡುಕು ಎಂದು ಅವರೆಲ್ಲ ನಂಬುತ್ತಾರೆ. ನಾನು ನಂಬುವುದಿಲ್ಲ, ನನಗೆ ದೇವರಿದ್ದಾನೆ. ಆದರೆ ಅವರು ನಂಬಿದರೆ ನಾನೇನು ಮಾಡಲಿ.

ಅಕ್ಟೋಬರ್ 17

ಕಂಬಳಿ ಅಲ್ಲೇ ಇದೆ. ಯಾರೂ ಮುಟ್ಟಿಲ್ಲ. ಚಳಿಯಿಲ್ಲ, ಪರವಾಗಿಲ್ಲ.

ಅಕ್ಟೋಬರ್ 22, ಶನಿವಾರ

ಖೋಟ್ಲಾಕ್ಕೆ ಹೊರಡಲು ಗೂಟದ ಹತ್ತಿರ ಹೋದರೆ ಕುರ್ಚಿ ಇರಲಿಲ್ಲ. ದಿಖಾಂಗ್ ಒಯ್ದನೆಂದುಕೊಂಡೆ. ಬೀದಿಗೆ ಬಂದು ನೋಡಿದರೆ ರ್ರಾಕಾಬೊ ಮಾವ ಎರಡು ಕುರ್ಚಿ ಹೊತ್ತು ಮುಂದೆ ಮುಂದೆ ಹೋಗುತ್ತಿದ್ದರು, ಹೆಗಲಿಗೊಂದರಂತೆ. ಖೋಟ್ಲಾದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟರು, ಗಂಡಸರ ಸಾಲಿನ ತುದಿಯಲ್ಲಿ.

"ಈ ಜಾಗದಲ್ಲಿ ಇವತ್ತು ಯಾರು ಮಾತಾಡ್ತೀರಿ?" ಎಂದರು ಒಡೆಯರು, ಮಾವನ ಕಡೆ ನೋಡುತ್ತ.

ಅದೊಂದು ಪ್ರಶ್ನೆ ಮಾತ್ರ ಮಾವನಿಗೆ ಹೇಗೆ ಕೇಳಿಸಿತೋ. "ಅವಳಿಗೆ ಬಾಯಿದೆ. ನನಗೆ ಕಿವಿಯಿಲ್ಲ. ನನ್ನನ್ನ ಯಾಕೆ ಎಬ್ಬಿಸ್ತೀರಿ?" ಎಂದರು.

ದಿಖಾಂಗ್ ಎದ್ದು, "ಒಡೆಯರೇ, ಇವಳನ್ನ ಕೇಳಿದ್ರೆ ನಾಳೆ ಒಬ್ಬೊಬ್ಬಳೂ ಕುರ್ಚಿ ಹೊತ್ಕೊಂಡು ಬರ್ತಾಳೆ" ಎಂದ.

"ಬರ್ಲಿ. ಕುರ್ಚಿ ಮಾಡೋರಿಗೆ ಕೆಲಸ ಸಿಗುತ್ತೆ" ಎಂದಳು ಪಕ್ಕದ ಮನೆಯ ಮುದುಕಿ ನೆಲದಿಂದಲೇ. ಅವಳನ್ನು ಯಾರೂ ಸುಮ್ಮನಿರಿಸಲಿಲ್ಲ.

ಒಡೆಯರು ನನ್ನ ಕಡೆ ತಿರುಗಿದರು. "ನನ್ನ ಅಪ್ಪನ ಕಾಲದಿಂದ ಇಲ್ಲಿ ಕೂತಿದ್ದೀನಿ. ಸೋತ ತೀರ್ಪು ಬೇಡ ಅಂದವರನ್ನ ಬೇಕಾದಷ್ಟು ನೋಡಿದೆ. ಗೆದ್ದ ತೀರ್ಪು ಹಿಂದಕ್ಕೆ ಕೊಟ್ಟವರನ್ನ ನೋಡಿರ್ಲಿಲ್ಲ. ಅಂಥವರು ಹೊಲಕ್ಕೋಸ್ಕರ ಸುಳ್ಳು ಹೇಳ್ತಾರೆ ಅಂತ ನನಗೆ ಅನ್ನಿಸಲ್ಲ. ಹೇಳು ತಾಯಿ, ಮೊದಲಿಂದ ಹೇಳು."

ಹೇಳಿದೆ. ಈ ಸಲ ಕಲ್ಲಂಗಡಿಯ ಮಾತು ಬಿಟ್ಟೆ, ಬೇಕೆನಿಸಲಿಲ್ಲ.

ಹೊಲ ಈ ವರ್ಷಕ್ಕೆ ನನ್ನದು. ಮುಂದಿನ ವರ್ಷದ್ದು ಮುಂದಿನ ವರ್ಷ ನೋಡೋಣ ಎಂದರು ಒಡೆಯರು. "ಅವತ್ತೂ ಬರ್ತೀನಿ" ಎಂದೆ. "ಗೊತ್ತು" ಎಂದರು.

ತೇಬೆ ಮೇಷ್ಟ್ರು ಲೇಖನಿ ಅದ್ದಿ ನನ್ನ ಕಡೆ ತಿರುಗಿದರು. "ಮಾತಾಡಿದವರು ಅಂತ ಏನ್ ಬರೀಲಿ ಮ್ಮಾ? ಮೊತ್ಸುಮಿಯ ಹೆಂಡತಿ ಅಂತಲಾ? ಸೆತುನ್ಯಾಳ ತಾಯಿ ಅಂತಲಾ?"

"ಕೆಜಿಯಾ ಅಂತ ಬರೀರಿ" ಎಂದೆ. "ಅದರ ಮುಂದೆ, ಮೊಥೋ ಎಂದು ಬರೆಯಿರಿ."

ಬರೆದರು. ಕಾಗದ ನನ್ನ ಕಡೆ ತಿರುಗಿಸಿ ತೋರಿಸಿದರು. ನಾನೇ ಓದಿಕೊಂಡೆ.

ಅಕ್ಟೋಬರ್ 27

ಮಧ್ಯಾಹ್ನ ಮಳೆ ಬಂತು. ಸೆತುನ್ಯಾ ಹಳ್ಳದ ಹೊಲದಿಂದ ನನ್ನ ಕಂಬಳಿ ತಂದಳು, ನೆಂದು ಕುರಿಯ ಹಾಗೆ ನಾರುತ್ತಿದೆ. ದಿಖಾಂಗನ ನೇಗಿಲು ಅವನ ಮನೆಗೆ ಹೋಯಿತು. ನಾಳೆ ಬೆಳಿಗ್ಗೆ ಮಾವನ ಎತ್ತುಗಳು ಬರುತ್ತವೆ.

ಪ್ರಾರ್ಥನೆಯಲ್ಲಿ ಇವತ್ತು ಬೀಜ ಚೆನ್ನಾಗಿ ಮೊಳೆಯಲಿ ಎಂದು ಕೇಳಿದೆ. ಬೇರೇನೂ ನೆನಪಾಗಲಿಲ್ಲ.

ಮಳೆಯ ಸದ್ದಿಗೆ ಇದನ್ನು ಬರೆಯುತ್ತ ಕೂತಿದ್ದೇನೆ. ಕುರ್ಚಿಯ ಒಂದು ಪಟ್ಟಿ ಸಡಿಲಾಗಿ ತೊಡೆಗೆ ಒತ್ತುತ್ತಿದೆ. ಬಿತ್ತನೆ ಮುಗಿದ ಮೇಲೆ ಬಿಗಿ ಮಾಡಿಸಬೇಕು. ಮುಂದಿನ ವರ್ಷಕ್ಕೂ ಬೇಕಲ್ಲ.